ಇತರರಿದ್ದರು: ಮೂರು ಊರುಗಳ ಸಂಘಗಳಿಗೆ ಒಂದು ಬಹಿರಂಗ ಪತ್ರ

ಅರಸೀಕೆರೆ, ಬೇಲೂರು ಮತ್ತು ಹಳೇಬೀಡಿನ ಕೆರೆ ಸಮಿತಿ, ಯುವಕ ಸಂಘ, ಸ್ತ್ರೀಶಕ್ತಿ ಸಂಘ, ರೈತ ಕೂಟ, ಕನ್ನಡ ಸಂಘ ಹಾಗೂ ಜೀರ್ಣೋದ್ಧಾರ ಸಮಿತಿಗಳ ಪದಾಧಿಕಾರಿಗಳಿಗೆ, ಸದಸ್ಯರಿಗೆ,

ಮಾನ್ಯರೇ,

ಯಾವ ದಿನಪತ್ರಿಕೆಯ ಹಾಸನ ಜಿಲ್ಲಾ ಪುಟ ಬಿಡಿಸಿದರೂ ಒಂದು ಫೋಟೊ ಕಣ್ಣಿಗೆ ಬೀಳದೆ ಇರದು. ಹಿಂದೆ ಫ್ಲೆಕ್ಸ್, ಮುಂದೆ ದೀಪದ ಕಂಬ, ನಡುವೆ ಒಂದೇ ಮೇಣದಬತ್ತಿಗೆ ಕೈ ಹಚ್ಚಿದ ಏಳೆಂಟು ಜನ. ಕೆಳಗೆ ಹೆಸರುಗಳ ಸಾಲು: ಅಧ್ಯಕ್ಷರು, ಉಪಾಧ್ಯಕ್ಷರು, ಗೌರವಾಧ್ಯಕ್ಷರು, ಮಾಜಿ ಅಧ್ಯಕ್ಷರು, ಮುಖಂಡರು. ಕಡೆಯ ಪದ ಮಾತ್ರ ಖಾಯಂ: ‘ಇತರರಿದ್ದರು’. ಕೆರೆಯ ಹೂಳು ತೆಗೆಸಿದ ಸಮಿತಿಯದ್ದೂ ಇದೇ ಫೋಟೊ, ಕಣ್ಣಿನ ತಪಾಸಣೆ ಶಿಬಿರ ನಡೆಸಿದ ಸಂಘದ್ದೂ ಇದೇ, ರಾಜ್ಯೋತ್ಸವ ಆಚರಿಸಿದ ಕನ್ನಡ ಸಂಘದ್ದೂ ಇದೇ. ಅಡಿಯ ಅಕ್ಷರಗಳನ್ನು ಕೈಯಲ್ಲಿ ಮುಚ್ಚಿಟ್ಟರೆ ಯಾವುದು ಯಾರ ಕಾರ್ಯಕ್ರಮವೆಂದು ಆಯಾ ಸಂಘದ ಕಾರ್ಯದರ್ಶಿಗೂ ಗುರುತು ಹತ್ತದು.

ಇಷ್ಟಾಗಿಯೂ ‘ಪೇಪರಿನವರು ನಮ್ಮ ಸುದ್ದಿ ಸರಿಯಾಗಿ ಹಾಕುವುದಿಲ್ಲ’ ಎಂಬ ದೂರು ಮೂರೂ ಊರುಗಳಲ್ಲಿ ಕೇಳುತ್ತದೆ. ದೂರಿನಲ್ಲಿ ಹುರುಳಿಲ್ಲ ಎಂದಲ್ಲ. ಹೋಬಳಿಯ ಸುದ್ದಿ ಜಿಲ್ಲಾ ಕೇಂದ್ರದ ಡೆಸ್ಕ್ ತಲುಪುವಷ್ಟರಲ್ಲಿ ಎರಡು ಸಾಲಿಗೆ ಇಳಿಯುವುದುಂಟು, ಪೂರ್ತಿ ಮಾಯವಾಗುವುದೂ ಉಂಟು. ಆದರೆ ಸಂಘಗಳಿಂದ ಪತ್ರಿಕೆಗೆ ತಲುಪುವ ಹಾಳೆಯಲ್ಲಿ ಏನಿರುತ್ತದೆ ಎಂಬುದನ್ನೂ ನೋಡಬೇಕು. ಅಲ್ಲಿ ಸಮಾರಂಭ ಇರುತ್ತದೆ, ಕೆಲಸ ಇರುವುದಿಲ್ಲ. ಹೂಳು ಎಷ್ಟು ಟ್ರ್ಯಾಕ್ಟರ್ ಲೋಡು ಹೋಯಿತು, ಯಾರ ಹೊಲಕ್ಕೆ ಬಿತ್ತು, ಕೋಡಿ ಯಾವ ಮಳೆಗೆ ಕೊಚ್ಚಿಹೋಗಿತ್ತು, ಒತ್ತುವರಿ ಬಿಡಿಸಲು ಎಷ್ಟು ಸಲ ತಾಲ್ಲೂಕು ಕಚೇರಿಗೆ ಅಲೆದದ್ದಾಯಿತು ಎಂಬುದೆಲ್ಲ ಆ ‘ಇತರರ’ ಬಾಯಲ್ಲೇ ಉಳಿದುಬಿಡುತ್ತದೆ. ವರದಿಗಾರನಿಗೆ ಸಿಗುವುದು ಸ್ವಾಗತ, ನಿರೂಪಣೆ, ವಂದನಾರ್ಪಣೆ ಮಾಡಿದವರ ಹೆಸರು.

ಆ ವರದಿಗಾರನ ಪಾಡನ್ನೂ ಸ್ವಲ್ಪ ತಿಳಿದುಕೊಳ್ಳುವುದು ಒಳ್ಳೆಯದು. ತಾಲ್ಲೂಕು ಮಟ್ಟದಲ್ಲಿ ಪತ್ರಿಕೆಗಳಿಗೆ ಬರೆಯುವವರಲ್ಲಿ ಬಹುಪಾಲು ಜನ ಅರೆಕಾಲಿಕರು. ಕೈಗೆ ಬರುವುದು ಸಂಬಳಕ್ಕಿಂತ ಗೌರವಧನ ಎನ್ನಬಹುದಾದ ಮೊತ್ತ. ಕೆಲವರು ಪತ್ರಿಕೆ ಹಂಚುವ ಏಜೆನ್ಸಿಯನ್ನೂ ಇಟ್ಟುಕೊಂಡಿರುತ್ತಾರೆ. ಕೆಲವರಿಗೆ ತೋಟ, ಕೆಲವರಿಗೆ ಅಂಗಡಿ. ವಿಶೇಷ ಪುರವಣಿ ಬಂದಾಗ ಜಾಹೀರಾತು ತರುವ ಹೊಣೆಯೂ ಇವರ ತಲೆಗೇ. ಅರಸೀಕೆರೆಯ ವರದಿಗಾರ ಎಂದರೆ ನಗರಸಭೆ, ಎಪಿಎಂಸಿ, ರೈಲು ನಿಲ್ದಾಣ, ಕೋರ್ಟು, ಪೊಲೀಸ್ ಠಾಣೆ ಎಲ್ಲವನ್ನೂ ಒಬ್ಬನೇ ನೋಡಬೇಕು. ಜೊತೆಗೆ ಬಾಣಾವರ, ಗಂಡಸಿ, ಕಣಕಟ್ಟೆ, ಜಾವಗಲ್ ಹೋಬಳಿಗಳು. ಅಂಥವನಿಗೆ ಬೆಳಿಗ್ಗೆ ಹತ್ತೂವರೆಗೆ ಬನ್ನಿ ಎಂದು ಹೇಳಿ, ಮುಖ್ಯ ಅತಿಥಿ ಬರುವ ತನಕ ಮಧ್ಯಾಹ್ನ ಒಂದೂವರೆವರೆಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದರೆ ಅವನಿಂದ ಎಂಥ ಬರಹ ನಿರೀಕ್ಷಿಸಲು ಸಾಧ್ಯ? ಮುಂದಿನ ಸಲ ಅವನು ಬರುವುದೇ ಇಲ್ಲ, ‘ಫೋಟೊ ಕಳಿಸಿಬಿಡಿ’ ಎನ್ನುತ್ತಾನೆ. ಫೋಟೊ ಹೋಗುತ್ತದೆ. ದೀಪದ ಕಂಬದ್ದು.

ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಹೊರಬಂತು. ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ಅದರ ಸಂಪಾದಕ. ಆ ಪುಟ್ಟ ಪತ್ರಿಕೆಯಲ್ಲೂ ಊರ ವರ್ತಮಾನಕ್ಕೆ ಜಾಗವಿತ್ತು. ಇಂದಿಗೂ ಆ ದಿನವನ್ನೇ ರಾಜ್ಯದಲ್ಲಿ ಪತ್ರಿಕಾ ದಿನವೆಂದು ಆಚರಿಸುತ್ತಾರೆ. ತಾಲ್ಲೂಕು ಪತ್ರಕರ್ತರ ಸಂಘಗಳು ಸಭೆ ನಡೆಸುತ್ತವೆ, ಸಂಘ ಸಂಸ್ಥೆಗಳವರು ಹೋಗಿ ಶಾಲು ಹೊದಿಸುತ್ತಾರೆ. ಶಾಲಿನ ಬದಲು ಅಂದು ಒಂದು ಗಂಟೆ ಕೂತು, ಹಿಂದಿನ ವರ್ಷ ನೀವು ಕಳಿಸಿದ ಹತ್ತು ಪ್ರಕಟಣೆಗಳಲ್ಲಿ ಯಾವುದು ಅಚ್ಚಾಯಿತು, ಯಾವುದು ಆಗಲಿಲ್ಲ, ಏಕೆ ಎಂದು ಕೇಳಿದರೆ ಇಬ್ಬರಿಗೂ ಲಾಭ. ಉತ್ತರ ಕಹಿಯಾಗಿದ್ದರೂ ಕೇಳಿಸಿಕೊಳ್ಳಬೇಕು.

ಒಳ್ಳೆಯ ಪ್ರಕಟಣೆ ಹೇಗಿರಬೇಕೆಂಬುದಕ್ಕೆ ಈ ಸೀಮೆಯವರು ದೂರ ಹುಡುಕಬೇಕಾಗಿಲ್ಲ. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ ಶಕ ವರ್ಷ 1039, ಅಂದರೆ ಕ್ರಿ.ಶ. 1117ರದು ಎಂದು ಇಂದು ಶಾಲೆಯ ಮಗುವೂ ಹೇಳುತ್ತದೆ. ಅದು ಗೊತ್ತಾದದ್ದು ಶಾಸನದಿಂದ. ಹೊಯ್ಸಳರ ಕಾಲದ ದಾನಶಾಸನಗಳನ್ನು ತೆರೆದು ನೋಡಿ; ಬಿ.ಎಲ್. ರೈಸ್ ಹಾಸನ ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕಾದ ಐದನೆಯ ಸಂಪುಟವಾಗಿ 1902ರಲ್ಲೇ ಹೊರತಂದಿದ್ದಾರೆ. ರಾಜನ ಬಿರುದುಗಳ ಹೊಗಳಿಕೆ ಉದ್ದವಾಗಿಯೇ ಇರುತ್ತದೆ, ಅದೂ ಆ ಕಾಲದ ಫ್ಲೆಕ್ಸ್ ಎಂದುಕೊಳ್ಳೋಣ. ಆದರೆ ಅದು ಮುಗಿದ ಮೇಲೆ ಬರುವುದು ಅಪ್ಪಟ ಲೆಕ್ಕ. ಸಂವತ್ಸರ, ಮಾಸ, ತಿಥಿ, ವಾರ. ಕೊಟ್ಟವರು ಯಾರು, ಯಾವ ಕೆಲಸಕ್ಕೆ ಕೊಟ್ಟರು, ಗದ್ದೆ ಎಷ್ಟು, ಬೆದ್ದಲು ಎಷ್ಟು, ಮೂಡಣ ಎಲ್ಲೆ ಯಾವ ಕಲ್ಲು, ಪಡುವಣ ಎಲ್ಲೆ ಯಾವ ಹಳ್ಳ. ಇದನ್ನು ಮುರಿದವರಿಗೆ ಶಾಪ. ಒಂಬೈನೂರು ವರ್ಷವಾದರೂ ಸಂಶೋಧಕರಿಗೆ ಕೆಲಸಕ್ಕೆ ಬರುವುದು ಹೊಗಳಿಕೆಗಿಂತ ಈ ಲೆಕ್ಕದ ಭಾಗ. ಬೇಲೂರಿನ ಮದನಿಕೆಯರ ಪೀಠದಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೊರೆದಿದ್ದಾರೆ. ವಿಗ್ರಹದ ಅಡಿಯಲ್ಲಿ, ಚಿಕ್ಕದಾಗಿ. ಹೆಸರು ಬೇಡವೆಂದು ಅವರೂ ಅನ್ನಲಿಲ್ಲ. ಕೆಲಸ ಮೊದಲು ಕಾಣಲಿ ಎಂದರು.

ಲೆಕ್ಕ ಇದ್ದರೆ ಸುದ್ದಿ ಎಷ್ಟು ದೂರ ಹೋಗುತ್ತದೆ ಎಂಬುದನ್ನು ಅರಸೀಕೆರೆಯ ತೆಂಗು ಬೆಳೆಗಾರರು ಬಲ್ಲರು. 2023ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕೇಂದ್ರ ನಿಗದಿ ಮಾಡಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ. ಅದೇ ವರ್ಷ ಅರಸೀಕೆರೆ, ತಿಪಟೂರು ಮಾರುಕಟ್ಟೆಗಳಲ್ಲಿ ದರ ಎಂಟು ಸಾವಿರದ ಆಸುಪಾಸಿಗೆ ಕುಸಿಯಿತು. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟರೆ ಸಾಕಿತ್ತು. ‘ರೈತರು ಕಂಗಾಲು’ ಎಂಬ ತಲೆಬರಹಕ್ಕೆ ಬೇರೆ ಅಲಂಕಾರ ಬೇಕಿರಲಿಲ್ಲ. ಧರಣಿ ನಡೆಯಿತು, ವಿಧಾನಸಭೆಯಲ್ಲಿ ಚರ್ಚೆಯಾಯಿತು, ನಾಫೆಡ್ ಖರೀದಿ ನಡೆಯಿತು. 2024ರ ಹಂಗಾಮಿಗೆ ಬೆಂಬಲ ಬೆಲೆ 12,000 ಆಯಿತು, ರಾಜ್ಯ ಸರ್ಕಾರ ಕ್ವಿಂಟಲ್‌ಗೆ 1,500 ರೂಪಾಯಿ ಪ್ರೋತ್ಸಾಹಧನ ಸೇರಿಸಿತು. ಆ ವರ್ಷದ ಆರಂಭದಲ್ಲಿ ಖರೀದಿ ಕೇಂದ್ರಗಳ ನೋಂದಣಿಯಲ್ಲಿ ಅಕ್ರಮದ ದೂರು ಎದ್ದಾಗ ಹಳೆಯ ನೋಂದಣಿ ರದ್ದು ಮಾಡಿ ಹೊಸದಾಗಿ ಶುರು ಮಾಡಬೇಕಾಯಿತು. ಸಾಲಿನಲ್ಲಿ ನಿಂತು ಬರಿಗೈಲಿ ಮನೆಗೆ ಹೋದವರು ಬಾಯಿ ಬಿಟ್ಟು ಮಾತಾಡಿದ್ದು, ಆ ಮಾತು ವರದಿಗಾರನ ಕಿವಿಗೆ ಬಿದ್ದದ್ದು ಇದಕ್ಕೆ ಕಡಿಮೆ ಕಾರಣವಲ್ಲ. ಕೊಬ್ಬರಿಯ ವಿಚಾರದಲ್ಲಿ ಇಷ್ಟು ಲೆಕ್ಕಬದ್ಧವಾಗಿ ಮಾತಾಡುವ ಊರು, ಕೆರೆ ಸಮಿತಿಯ ಪ್ರಕಟಣೆ ಬರೆಯುವಾಗ ‘ವಿಜೃಂಭಣೆಯಿಂದ ನೆರವೇರಿತು’ ಎಂಬಲ್ಲಿಗೆ ಇಳಿಯುವುದು ಏಕೋ!

ಹಳೇಬೀಡಿನ ಕಥೆ ಬೇರೆ ರೀತಿಯದು. ಯಗಚಿಯ ನೀರನ್ನು ರಣಘಟ್ಟದ ಬಳಿಯಿಂದ ತಿರುಗಿಸಿ ದ್ವಾರಸಮುದ್ರ ಕೆರೆಯನ್ನೂ ಸುತ್ತಲಿನ ಕೆರೆಗಳನ್ನೂ ತುಂಬಿಸಬೇಕು ಎಂಬುದು ಹಳೇಬೀಡು, ಮಾದಿಹಳ್ಳಿ, ಜಾವಗಲ್ ಭಾಗದ ರೈತರ ಹಳೆಯ ಬೇಡಿಕೆ. ಪುಷ್ಪಗಿರಿ ಮಠದ ಸೋಮಶೇಖರ ಶಿವಾಚಾರ್ಯ ಸ್ವಾಮೀಜಿ ಮುಂದೆ ನಿಂತರು, ರೈತರು ನಡೆದರು, ಅಂಗಡಿಗಳು ಬಾಗಿಲು ಹಾಕಿದವು. 2019ರ ಫೆಬ್ರುವರಿಯಲ್ಲಿ ಎಚ್.ಡಿ. ಕುಮಾರಸ್ವಾಮಿ ಮಂಡಿಸಿದ ಬಜೆಟ್‌ನಲ್ಲಿ ಯೋಜನೆಯ ಪ್ರಸ್ತಾಪ ಬಂತು. ಈ ಹೋರಾಟದಲ್ಲಿ ಗಮನಿಸಬೇಕಾದ್ದು ಅದರ ಪಟ್ಟು. ಒಂದು ದಿನದ ಮೆರವಣಿಗೆಗೆ ಒಂದು ದಿನದ ಸುದ್ದಿ. ಮನವಿ, ಸಭೆ, ಧರಣಿ ಎಂದು ಮತ್ತೆ ಮತ್ತೆ ಬಂದಾಗ ‘ರಣಘಟ್ಟ’ ಎಂಬ ಹೆಸರು ಜಿಲ್ಲಾ ಪುಟ ಓದುವ ಎಲ್ಲರಿಗೂ ಪರಿಚಯವಾಯಿತು. ಹೆಸರು ಪರಿಚಯವಾದ ಮೇಲೆ ವರದಿಗಾರ ಪ್ರತಿ ಸಲ ಹಿನ್ನೆಲೆ ವಿವರಿಸುವ ಕಷ್ಟ ತಪ್ಪಿತು, ಡೆಸ್ಕಿನಲ್ಲಿ ಕೂತವರಿಗೆ ‘ಇದೇನಪ್ಪಾ ಇದು’ ಎನ್ನುವ ಸಬೂಬೂ ತಪ್ಪಿತು.

ಆದರೂ ಒಂದು ಅವಕಾಶ ಕೈತಪ್ಪಿತು. 2023ರ ಸೆಪ್ಟೆಂಬರ್ 18ರಂದು ಸೌದಿಯ ರಿಯಾದ್‌ನಲ್ಲಿ ನಡೆಯುತ್ತಿದ್ದ ಯುನೆಸ್ಕೊ ಸಮಿತಿಯ 45ನೇ ಅಧಿವೇಶನ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಭಾರತದ 42ನೇ ತಾಣ. 2014ರಿಂದ ತಾತ್ಕಾಲಿಕ ಪಟ್ಟಿಯಲ್ಲಿದ್ದ ಹೆಸರು ಒಂಬತ್ತು ವರ್ಷದ ನಂತರ ಪಕ್ಕಾ ಆಯಿತು. ಅಂದು, ಮರುದಿನ ದೇಶದ ಎಲ್ಲ ಪತ್ರಿಕೆಗಳಲ್ಲೂ ಹೊಯ್ಸಳೇಶ್ವರನ ಫೋಟೊ. ಆ ದೇವಸ್ಥಾನದ ಪಕ್ಕದಲ್ಲೇ ದ್ವಾರಸಮುದ್ರ ಕೆರೆ ಮಲಗಿದೆ. ಹೊಯ್ಸಳರ ರಾಜಧಾನಿಗೆ ಹೆಸರು ಬಂದದ್ದೇ ಅದರಿಂದ. ದೇವಸ್ಥಾನ ನೋಡಲು ಬರುವ ಹೊರಗಿನ ಪತ್ರಕರ್ತರ ಕೈಗೆ ಕೆರೆಯ ಕುರಿತು ಒಂದು ಹಾಳೆ ಸಿಕ್ಕಿದ್ದರೆ? ಅಚ್ಚುಕಟ್ಟು ಎಷ್ಟು, ನೀರು ಎಲ್ಲಿಂದ ಬರಬೇಕು, ಕಾಮಗಾರಿ ಎಲ್ಲಿಗೆ ನಿಂತಿದೆ, ಕೆರೆಗೂ ದೇವಸ್ಥಾನಕ್ಕೂ ಏನು ನಂಟು ಎಂಬ ಒಂದೇ ಹಾಳೆ, ಕನ್ನಡದಲ್ಲೊಂದು, ಇಂಗ್ಲಿಷಿನಲ್ಲೊಂದು. ಈಗಲೂ ತಡವಾಗಿಲ್ಲ. ಪ್ರವಾಸದ ಲೇಖನ ಬರೆಯುವವರು ವರ್ಷವಿಡೀ ಬರುತ್ತಲೇ ಇರುತ್ತಾರೆ. ಬಸದಿಹಳ್ಳಿಯ ಮೂರು ಬಸದಿಗಳನ್ನೂ ಹುಲಿಕೆರೆಯ ಕಲ್ಯಾಣಿಯನ್ನೂ ಅವರು ಎಷ್ಟೋ ಸಲ ನೋಡದೆಯೇ ಹೋಗುತ್ತಾರೆ, ಕಾರಣ ಯಾರೂ ಹೇಳಿರುವುದಿಲ್ಲ.

ಸಣ್ಣ ಊರಿನ ಒಂದು ಫೋಟೊ ಏನು ಮಾಡಬಲ್ಲದು ಎಂಬುದಕ್ಕೆ ಹಾಸನದಿಂದ ಬೇಲೂರಿಗೆ ಹೋಗುವ ದಾರಿಯಲ್ಲಿ ಸಿಗುವ ದೊಡ್ಡಗದ್ದವಳ್ಳಿ ಸಾಕ್ಷಿ. ಅಲ್ಲಿಯ ಲಕ್ಷ್ಮೀದೇವಿ ದೇವಸ್ಥಾನ ಹನ್ನೆರಡನೆಯ ಶತಮಾನದ ಆರಂಭದ್ದು, ಬೇಲೂರಿಗಿಂತ ಸ್ವಲ್ಪ ಹಿರಿಯದು. 2020ರ ನವೆಂಬರ್‌ನಲ್ಲಿ ಅಲ್ಲಿಯ ಕಾಳಿಯ ವಿಗ್ರಹ ಒಡೆದು ಬಿದ್ದಿರುವುದು ಕಂಡುಬಂತು. ಚಿತ್ರ ಮೊಬೈಲಿನಿಂದ ಮೊಬೈಲಿಗೆ ಹರಿಯಿತು, ಪತ್ರಿಕೆಗಳಲ್ಲಿ ಬಂತು, ರಾಜ್ಯದಾಚೆಗೂ ಆಕ್ರೋಶ ಎದ್ದಿತು. ಪುರಾತತ್ವ ಸರ್ವೇಕ್ಷಣ ಇಲಾಖೆ ತುಣುಕುಗಳನ್ನು ಜೋಡಿಸಿ ವಿಗ್ರಹವನ್ನು ಮತ್ತೆ ನಿಲ್ಲಿಸಿತು. ಅಲ್ಲಿ ವೇದಿಕೆ ಇರಲಿಲ್ಲ, ಪತ್ರಿಕಾಗೋಷ್ಠಿ ಇರಲಿಲ್ಲ. ಏನು ಒಡೆದಿದೆ ಎಂಬುದು ನೇರವಾಗಿ ಕಾಣುವ ಚಿತ್ರವಿತ್ತು, ಅಷ್ಟೆ.

ಗಲಾಟೆಯ ಸುದ್ದಿಯ ದಾರಿ ಇನ್ನೊಂದು. ಬೇಲೂರಿನ ರಥೋತ್ಸವದ ಸಂದರ್ಭದಲ್ಲಿ ಮೌಲ್ವಿಯೊಬ್ಬರು ಕುರಾನ್ ಪಠಿಸುವ ರೂಢಿ ಹಿಂದಿನಿಂದ ನಡೆದುಬಂದದ್ದು. 2022ರ ಏಪ್ರಿಲ್‌ನಲ್ಲಿ ಅದಕ್ಕೆ ವಿರೋಧ ಎದ್ದಾಗ ಬೆಂಗಳೂರಿನ ಕ್ಯಾಮೆರಾಗಳೆಲ್ಲ ದೇವಸ್ಥಾನದ ಬೀದಿಗೆ ಬಂದವು. ರೂಢಿಯಂತೆ ಪಠಣವೂ ನಡೆಯಿತು, ತೇರೂ ಎಳೆಯಲ್ಪಟ್ಟಿತು. ಮರುದಿನ ಕ್ಯಾಮೆರಾಗಳು ಹಬ್ಬದ ನೆಂಟರಂತೆ ಊರು ಖಾಲಿ ಮಾಡಿದವು. ಯಾರ ವಾದ ಸರಿ ಎಂಬ ತೀರ್ಮಾನ ಈ ಪತ್ರದ ಕೆಲಸವಲ್ಲ. ಆದರೆ ಇಂಥ ದಿನ ಊರಿನ ಸಂಘಗಳು ಎದುರಿಸುವ ಪ್ರಶ್ನೆ ಇದೆ: ಮೈಕ್ ಹಿಡಿದು ಬಂದವನ ಮುಂದೆ ಯಾರು ನಿಲ್ಲಬೇಕು? ಅಂದು ಸಿಕ್ಕಿದವರೆಲ್ಲ ಬೈಟ್ ಕೊಡುತ್ತಾರೆ, ಅತ್ಯಂತ ಖಾರವಾಗಿ ಮಾತಾಡಿದವನೇ ಸಂಜೆ ಇಡೀ ಊರಿನ ಪ್ರತಿನಿಧಿಯಾಗಿ ಟಿವಿಯಲ್ಲಿ ಕಾಣುತ್ತಾನೆ. ಮಾತಾಡುವವರು ಯಾರೆಂದು ಸಂಘ ಮೊದಲೇ ಗೊತ್ತು ಮಾಡಿಕೊಂಡಿರಬೇಕು. ಆಚರಣೆಯ ಇತಿಹಾಸ, ದಾಖಲೆ, ಇಲಾಖೆಯ ಆದೇಶದ ಪ್ರತಿ ಒಂದು ಫೈಲಿನಲ್ಲಿ ಸಿದ್ಧವಿರಬೇಕು. ವರದಿಗಾರ ದಾಖಲೆ ಕೇಳಿದರೆ ಕೊಡಬೇಕು, ಕೇಳದಿದ್ದರೂ ಕೊಡಬೇಕು.

ಹೆಂಗಸರ ಸಂಘಗಳಿಗಾಗಿ ಒಂದು ಹಳೆಯ ಪ್ರಸಂಗ. 1990ರ ದಶಕದ ಆರಂಭದಲ್ಲಿ ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟದಲ್ಲಿ ಅಕ್ಷರ ಕಲಿಯುತ್ತಿದ್ದ ಮಹಿಳೆಯರು ಪಾಠದಲ್ಲಿ ಬಂದ ಕಥೆಯೊಂದನ್ನು ಓದಿ ಚರ್ಚಿಸಿ ಊರಿನ ಸಾರಾಯಿ ಅಂಗಡಿ ಮುಚ್ಚಿಸಿದರು. ತೆಲುಗು ದಿನಪತ್ರಿಕೆ ‘ಈನಾಡು’ 1989ರಿಂದಲೇ ಜಿಲ್ಲೆಗೊಂದು ಪುರವಣಿ ಹೊರಡಿಸುತ್ತಿತ್ತು. ಹಳ್ಳಿ ಹಳ್ಳಿಯ ಸುದ್ದಿಗೆ ಜಾಗವಿದ್ದ ಆ ಪುಟಗಳಲ್ಲಿ ಒಂದು ಊರಿನ ಹೆಂಗಸರು ಮಾಡಿದ್ದನ್ನು ಇನ್ನೊಂದು ಊರಿನ ಹೆಂಗಸರು ಓದಿದರು, ಓದಿಸಿ ಕೇಳಿದರು. 1993ರ ಅಕ್ಟೋಬರ್‌ನಲ್ಲಿ ಆಂಧ್ರದಲ್ಲಿ ಸಾರಾಯಿ ನಿಷೇಧ ಬಂತು. ಪತ್ರಿಕೆಯ ಮಾಲೀಕರಿಗೆ ತಮ್ಮದೇ ರಾಜಕೀಯ ಲೆಕ್ಕಾಚಾರ ಇದ್ದಿರಬಹುದು, ಅದನ್ನು ಮರೆಯಬೇಕಿಲ್ಲ. ಅಂಗಡಿ ಮುಚ್ಚಿಸಿದ ಹೆಂಗಸರು ಮಾತ್ರ ಪತ್ರಿಕೆಗಾಗಿ ಆ ಕೆಲಸ ಮಾಡಿದವರಲ್ಲ. ನಮ್ಮ ಕಡೆಯ ಸ್ತ್ರೀಶಕ್ತಿ ಸಂಘಗಳ ಸುದ್ದಿ ಎಂದರೆ ಸಾಲದ ಚೆಕ್ಕು ವಿತರಣೆ. ಆ ಸಾಲದಿಂದ ಹಸು ತಂದವಳ ಡೇರಿ ಪುಸ್ತಕದಲ್ಲಿ ಏನು ಬರೆದಿದೆ ಎಂಬುದು ಅಚ್ಚಾದದ್ದು ಬಲು ಅಪರೂಪ. ಹೆಣ್ಣುಮಕ್ಕಳ ಬದುಕು ಪತ್ರಿಕೆಯಲ್ಲಿ ಬರಬೇಕಾದರೆ ಅದನ್ನು ಹತ್ತಿರದಿಂದ ಕಂಡವರು ಬರೆಯಬೇಕು. ಹಾಸನದವರೇ ಆದ ಬಾನು ಮುಷ್ತಾಕ್ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆಯುವುದಕ್ಕೆ ದಶಕಗಳ ಮೊದಲು ಲಂಕೇಶ್ ಪತ್ರಿಕೆಗೆ ವರದಿ ಮಾಡಿದವರು. ನಿಮ್ಮ ಸಂಘದಲ್ಲಿ ಓದುಬರಹ ಬಲ್ಲ ಒಬ್ಬ ಹೆಣ್ಣುಮಗಳಿಗೆ ಪ್ರಕಟಣೆ ಬರೆಯುವ ಹೊಣೆ ಕೊಟ್ಟು ನೋಡಿ. ಸ್ವಾಗತ ಭಾಷಣದ ಹೊಣೆ ಬೇರೆಯವರಿಗೆ ಇರಲಿ.

ಇನ್ನು ಕೈಕೆಲಸದ ಮಾತು, ಬೇಗ ಮುಗಿಸಬಹುದಾದದ್ದು. ಲೆಟರ್‌ಹೆಡ್ಡಿನಲ್ಲಿ ಬರೆದು ಸೀಲು ಒತ್ತಿ ಅದರ ಫೋಟೊ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದು ಸಂಘಗಳ ರೂಢಿ. ಅದನ್ನು ವರದಿಗಾರ ಮತ್ತೆ ಕೂತು ಟೈಪ್ ಮಾಡಬೇಕು. ಬಿಡುವಿಲ್ಲದ ದಿನ ಮಾಡುವುದಿಲ್ಲ. ‘ನುಡಿ’ ತಂತ್ರಾಂಶದ ಹಳೆಯ ಅಕ್ಷರದಲ್ಲಿ ಟೈಪ್ ಮಾಡಿ ಕಳಿಸಿದರೆ ಮೊಬೈಲಿನಲ್ಲಿ ಚಿತ್ತಾರ ಕಾಣುತ್ತದೆ, ಅಕ್ಷರ ಕಾಣುವುದಿಲ್ಲ. ಮೊಬೈಲಿನಲ್ಲೇ ಯೂನಿಕೋಡ್ ಕನ್ನಡದಲ್ಲಿ ನೂರೈವತ್ತು ಪದ ಟೈಪ್ ಮಾಡಿ ಸಂದೇಶವಾಗಿಯೇ ಕಳಿಸಿದರೆ ಅವನು ಅದನ್ನು ತಿದ್ದಿ ಮುಂದೆ ತಳ್ಳಬಹುದು. ಫೋಟೊವನ್ನು ಡಾಕ್ಯುಮೆಂಟ್ ಆಗಿ ಕಳಿಸಿದರೆ ಮುದ್ರಣಕ್ಕೆ ಬೇಕಾದ ಸ್ಪಷ್ಟತೆ ಉಳಿಯುತ್ತದೆ. ಸಂಜೆ ಏಳಕ್ಕೆ ಕಳಿಸಿ ‘ನಾಳೆ ಹಾಕಿಬಿಡಿ’ ಎನ್ನುವುದು ಬೇಡ; ದೂರದ ತಾಲ್ಲೂಕಿಗೆ ಹೋಗುವ ಪ್ರತಿ ಮೊದಲು ಅಚ್ಚಾಗಬೇಕು, ಪುಟಗಳೂ ಮೊದಲೇ ಮುಗಿಯುತ್ತವೆ. ಭಾನುವಾರ ಸರ್ಕಾರಿ ಕಚೇರಿಗಳು ಮುಚ್ಚಿರುತ್ತವೆ, ಸೋಮವಾರದ ಪುಟಕ್ಕೆ ಸುದ್ದಿಯ ಬರ. ಶ್ರಮದಾನವನ್ನು ಭಾನುವಾರ ಬೆಳಿಗ್ಗೆ ಇಟ್ಟುಕೊಳ್ಳುವ ಸಂಘಕ್ಕೆ ಈ ಗುಟ್ಟು ಗೊತ್ತಿರುತ್ತದೆ.

ಆ ನೂರೈವತ್ತು ಪದದಲ್ಲಿ ಏನಿರಬೇಕು? ಕೆರೆಯ ಹೆಸರು, ಗ್ರಾಮ, ಹೋಬಳಿ. ಎಷ್ಟು ಎಕರೆ. ಕಡೆಯದಾಗಿ ತುಂಬಿದ್ದು ಯಾವ ವರ್ಷ. ಈಗ ಏನಾಯಿತು, ಹಣ ಎಲ್ಲಿಂದ ಬಂತು, ಎಷ್ಟು ಖರ್ಚಾಯಿತು. ಯಾವುದು ಇನ್ನೂ ಆಗಿಲ್ಲ, ಯಾರ ಮೇಜಿನ ಮೇಲೆ ಕಡತ ಕೂತಿದೆ. ಕೆರೆಯ ಕೆಳಗೆ ಗದ್ದೆ ಇರುವ ಒಬ್ಬರ ಮಾತು, ಅವರ ಒಪ್ಪಿಗೆ ಪಡೆದು. ಅನುಮಾನ ಬಂದರೆ ಕೇಳಲು ಒಬ್ಬರ ಫೋನ್ ಸಂಖ್ಯೆ, ಆ ಫೋನ್ ಸಂಜೆಯತನಕ ಎತ್ತುವಂಥವರದು. ಅಧ್ಯಕ್ಷರ ಹೆಸರು ಕಡೆಯ ಸಾಲಿನಲ್ಲಿ ಬಂದರೆ ಅಧ್ಯಕ್ಷರಿಗೆ ಬೇಸರವಾಗುವುದು ಸಹಜ. ಅದನ್ನು ಸಭೆಯಲ್ಲಿಯೇ ಬಗೆಹರಿಸಿಕೊಳ್ಳಿ, ವರದಿಗಾರನ ತಲೆಗೆ ಕಟ್ಟಬೇಡಿ.

ಪತ್ರಿಕೆ ಒಂದೇ ದಾರಿಯೂ ಅಲ್ಲ. ಆಕಾಶವಾಣಿಯ ಹಾಸನ ಕೇಂದ್ರ ಇದೆ. ತೋಟದ ಮನೆಯಲ್ಲಿ, ಹೋಟೆಲಿನ ಕಪಾಟಿನ ಮೇಲೆ ಇಂದಿಗೂ ಅದು ಮಾತಾಡುತ್ತಿರುತ್ತದೆ. ಕೃಷಿ, ಮಹಿಳೆ, ಯುವಜನರ ಕಾರ್ಯಕ್ರಮಗಳಿಗೆ ಊರಿನ ದನಿ ಬೇಕೇ ಬೇಕು, ಕೇಳಿಕೊಂಡು ಹೋಗುವ ಸಂಘಗಳು ಕಡಿಮೆ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ಯವರು ಸ್ವಯಂಸೇವಾ ಸಂಸ್ಥೆಗಳಿಗೆ ರೇಡಿಯೊ ಪರವಾನಗಿ ಸಿಗದಿದ್ದ ಕಾಲದಲ್ಲಿ ಟಿವಿ ಕೇಬಲ್‌ನ ಮೂಲಕ ಮನೆಮನೆಗೆ ದನಿ ಮುಟ್ಟಿಸಿದರು. 2006ರಲ್ಲಿ ಕೇಂದ್ರದ ನೀತಿ ಬದಲಾಗಿ ಇಂಥ ಸಂಸ್ಥೆಗಳಿಗೂ ಸಮುದಾಯ ರೇಡಿಯೊ ಬಾಗಿಲು ತೆರೆಯಿತು. ಸರಗೂರಿನಲ್ಲಿ 2012ರಲ್ಲಿ ಶುರುವಾದ ‘ಜನಧ್ವನಿ’ ಆ ದಾರಿಯಲ್ಲಿ ಬಂದದ್ದು.

ಕವರಿನ ವಿಷಯ ಬರೆಯದೆ ಹೋದರೆ ಪತ್ರ ಅರೆಬರೆ. ಪತ್ರಿಕಾಗೋಷ್ಠಿ ಮುಗಿದ ಮೇಲೆ ಊಟದ ಜೊತೆ ಲಕೋಟೆ ಕೊಡುವ ಚಾಳಿ ಎಲ್ಲೆಡೆ ಹಬ್ಬಿದೆ, ಕೆಲವು ಯೂಟ್ಯೂಬ್ ಲೋಗೊಗಳು ಅದಕ್ಕೆಂದೇ ಹುಟ್ಟಿವೆ ಎಂಬ ಮಾತೂ ಇದೆ. ಕೊಡುವವರು ಇದ್ದಾರೆಂದೇ ಕೇಳುವವರು ಹುಟ್ಟುತ್ತಾರೆ. ಕಾಸಿಗೆ ಸುದ್ದಿ ಮಾರುವ ಪಿಡುಗನ್ನು ಕುರಿತು ಭಾರತೀಯ ಪತ್ರಿಕಾ ಮಂಡಳಿಯ ಉಪಸಮಿತಿ 2010ರಲ್ಲಿ ದೊಡ್ಡ ವರದಿಯನ್ನೇ ಸಿದ್ಧಪಡಿಸಿತ್ತು. ಅಲ್ಲಿ ಹೆಸರಾದದ್ದು ಚುನಾವಣೆಯ ಅಭ್ಯರ್ಥಿಗಳು, ಪತ್ರಿಕೆಗಳು. ಸಣ್ಣ ಸಂಘದ ಐನೂರು ರೂಪಾಯಿ ಅದರ ಮುಂದೆ ಏನೂ ಅಲ್ಲ ಅನ್ನಿಸಬಹುದು. ಆದರೆ ದುಡ್ಡು ಕೊಟ್ಟು ಬಂದ ಸುದ್ದಿಯನ್ನು ಊರಿನಲ್ಲಿ ಯಾರೂ ನಂಬುವುದಿಲ್ಲ, ಕೊಟ್ಟದ್ದು ಊರಿಗೆಲ್ಲ ಗೊತ್ತಿರುತ್ತದೆ. ವರದಿಗಾರನಿಗೆ ನಿಜವಾಗಿ ಉಪಕಾರ ಮಾಡಬೇಕೆಂದಿದ್ದರೆ ಕೆರೆಯ ತನಕ ಬೈಕಿನಲ್ಲಿ ಕರೆದುಕೊಂಡು ಹೋಗಿ ತೋರಿಸಿ.

ತಪ್ಪು ಅಚ್ಚಾದರೆ? ಮೊದಲು ವರದಿಗಾರನಿಗೆ ಫೋನು, ಅದಕ್ಕೂ ಆಗದಿದ್ದರೆ ಸಂಪಾದಕರಿಗೆ ಪತ್ರ, ಸರಿಯಾದ ವಿವರ ಮತ್ತು ದಾಖಲೆಯ ಪ್ರತಿ ಸೇರಿಸಿ. ಅಲ್ಲೂ ನ್ಯಾಯ ಸಿಗದಿದ್ದರೆ ಪತ್ರಿಕಾ ಮಂಡಳಿ ಇದೆ. ದಿನಪತ್ರಿಕೆ, ವಾರಪತ್ರಿಕೆಯ ವಿಷಯದಲ್ಲಿ ಪ್ರಕಟವಾದ ಎರಡು ತಿಂಗಳೊಳಗೆ ದೂರು ಕೊಡಬೇಕು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ವರದಿಗಾರನನ್ನು ಬೈದು ಹಾಕುವುದರಿಂದ ತಿದ್ದುಪಡಿ ಬರುವುದಿಲ್ಲ. ನಿಮ್ಮ ವಿರುದ್ಧದ ಸುದ್ದಿ ನಿಜವೇ ಆಗಿದ್ದರೆ, ಲೆಕ್ಕಪತ್ರದಲ್ಲಿ ಏರುಪೇರು ಆಗಿದ್ದರೆ, ಸ್ಪಷ್ಟನೆ ಕೊಡುವುದು ಸಂಘಕ್ಕೆ ಇರುವ ಮಾರ್ಗ. ಹೊಗಳಿಕೆ ಬಂದಾಗ ಮಾತ್ರ ಪತ್ರಿಕೆ ಬೇಕು ಎನ್ನುವ ಸಂಘಕ್ಕೆ ಬರಗಾಲದ ವರ್ಷ ಸಹಾಯಕ್ಕೆ ಯಾವ ಪತ್ರಿಕೆಯೂ ಒದಗುವುದಿಲ್ಲ.

ಕಡೆಯದಾಗಿ ಒಂದು ಕೋರಿಕೆ. ಬಂದ ಸುದ್ದಿಯ ತುಣುಕನ್ನು ಸ್ಟೇಟಸ್‌ಗೆ ಹಾಕಿ ಮರೆತುಬಿಡುವುದು ರೂಢಿಯಾಗಿದೆ. ಅದನ್ನು ಕತ್ತರಿಸಿ ಒಂದು ಪುಸ್ತಕಕ್ಕೆ ಅಂಟಿಸಿ, ಪತ್ರಿಕೆಯ ಹೆಸರು, ದಿನಾಂಕ, ಪುಟ ಬರೆದಿಡಿ. ಜಿಲ್ಲಾಧಿಕಾರಿಗೆ ಮನವಿ ಕೊಡುವಾಗ, ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕುವಾಗ, ‘ಈ ಕೆರೆಯ ಕೋಡಿ ಒಡೆದದ್ದು ನಮಗೆ ಗೊತ್ತೇ ಇರಲಿಲ್ಲ’ ಎಂದು ಎಂಜಿನಿಯರ್ ಹೇಳಿದಾಗ ಆ ತುಣುಕೇ ಮುಂದೆ ಇಡಬೇಕಾದ ದಾಖಲೆ. ಪುಸ್ತಕದ ಒಂದು ನಕಲನ್ನು ಊರಿನ ಗ್ರಂಥಾಲಯಕ್ಕೂ ಕೊಡಿ. ಹೊಸದಾಗಿ ಬರುವ ವರದಿಗಾರ ಮೊದಲ ವಾರದಲ್ಲೇ ಅದನ್ನು ಕೇಳಿಕೊಂಡು ಬರುತ್ತಾನೆ.

ಇಂತಿ,
ಜಿಲ್ಲಾ ಪುಟವನ್ನು ಮೊದಲು ಓದುವ ಒಬ್ಬ ಓದುಗ